ನಿನ್ನೆಯ ನೆಲವನ್ನೂ ಅಗೆಯಬೇಕೆ?

ಪುರಾತತ್ತ್ವ ಎಂದೊಡನೆ ನಿಮ್ಮ ಕಣ್ಣ ಮುಂದೆ ಏನು ಬರುತ್ತದೆ? ಹರಪ್ಪ, ಮೊಹೆಂಜೊದಾರೊಗಳ ಇಟ್ಟಿಗೆಯ ಗೋಡೆಗಳು, ಬ್ರಹ್ಮಗಿರಿಯ ಕಲ್ಗೋರಿಗಳು, ಸನ್ನತಿಯ ಸ್ತೂಪ. ಇವೆಲ್ಲ ಎರಡು ಸಾವಿರ, ನಾಲ್ಕು ಸಾವಿರ ವರ್ಷಗಳಷ್ಟು ಹಳೆಯವು. ಬರವಣಿಗೆ ಇಲ್ಲದ, ಅಥವಾ ಇದ್ದರೂ ನಮಗೆ ಓದಲು ಬಾರದ ಕಾಲದ ಸಂಗತಿಗಳನ್ನು ತಿಳಿಯಲು ನೆಲವನ್ನು ಅಗೆಯದೆ ಬೇರೆ ದಾರಿಯಿಲ್ಲ ಎಂಬುದನ್ನು ಯಾರೂ ಒಪ್ಪುತ್ತಾರೆ. ಆದರೆ ಒಬ್ಬ ಪುರಾತತ್ತ್ವಜ್ಞ 1780ರ ಸುಮಾರಿನ ಒಂದು ಬಾವಿಯನ್ನೋ, 1900ರ ಒಂದು ಗಣಿಯನ್ನೋ, ಕಡೆಗೆ 1970ರ ಒಂದು ಕಸದ ಗುಂಡಿಯನ್ನೋ ಅಗೆದು, ಅಳೆದು, ಪಟ್ಟಿ ಮಾಡುತ್ತಿದ್ದಾನೆ ಎಂದರೆ? "ಆ ಕಾಲದ್ದೆಲ್ಲ ಕಾಗದದಲ್ಲಿ ಬರೆದಿಟ್ಟಿದೆಯಲ್ಲ! ಅಗೆಯುವ ಶ್ರಮ ಏಕೆ?" ಎಂದು ನಿಮ್ಮ ವಿದ್ಯಾರ್ಥಿಗಳು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಆ ಪ್ರಶ್ನೆಗೆ ಉತ್ತರ ಹುಡುಕುವುದು ಈ ಲೇಖನದ ಉದ್ದೇಶ.

ಕ್ರಿ.ಶ. 1500ರ ಈಚಿನ ಕಾಲವನ್ನು ಚರಿತ್ರೆಕಾರರು ಸ್ಥೂಲವಾಗಿ ಆದಿ ಆಧುನಿಕ, ಆಧುನಿಕ ಮತ್ತು ಸಮಕಾಲೀನ ಎಂದು ವಿಂಗಡಿಸುತ್ತಾರೆ. ಸಮುದ್ರಯಾನ, ವಸಾಹತುಗಳು, ಗುಲಾಮರ ವ್ಯಾಪಾರ, ಕೋವಿಮದ್ದಿನ ಯುದ್ಧಗಳು, ಕಾರ್ಖಾನೆಗಳು, ವಿದ್ಯುತ್ತು, ಪ್ಲಾಸ್ಟಿಕ್ಕು ಎಲ್ಲವೂ ಈ ಐದು ಶತಮಾನಗಳಲ್ಲಿ ಬಂದವು. ಈ ಕಾಲದ ಭೌತಿಕ ಅವಶೇಷಗಳನ್ನು ಕ್ರಮವಾಗಿ ಅಭ್ಯಾಸ ಮಾಡುವ ಶಾಖೆ ಇನ್ನೂ ಎಳೆಯದು. ಬ್ರಿಟನ್ನಿನಲ್ಲಿ ಮಧ್ಯಯುಗೋತ್ತರ ಪುರಾತತ್ತ್ವದ ಸಂಘ ಸ್ಥಾಪನೆಯಾದದ್ದು 1966ರಲ್ಲಿ. ಅಮೆರಿಕದಲ್ಲಿ ಚಾರಿತ್ರಿಕ ಪುರಾತತ್ತ್ವದ ಸಂಘ ಹುಟ್ಟಿದ್ದು ಮರುವರ್ಷ, 1967ರಲ್ಲಿ.

ಎರಡು ಸ್ವತಂತ್ರ ಮಾಪನಗಳು

ಭೌತವಿಜ್ಞಾನದ ಪ್ರಯೋಗಶಾಲೆಯ ಒಂದು ಪಾಠವನ್ನು ನೆನಪಿಸಿಕೊಳ್ಳಿ. ಗುರುತ್ವದ ವೇಗೋತ್ಕರ್ಷವನ್ನು ಲೋಲಕದಿಂದ ಅಳೆಯಬಹುದು. ಮುಕ್ತವಾಗಿ ಬೀಳುವ ಗುಂಡಿನಿಂದಲೂ ಅಳೆಯಬಹುದು. ಲೋಲಕದ ವಿಧಾನದಲ್ಲಿ ಉದ್ದವನ್ನು ಅಳೆಯುವಾಗ ಒಂದು ಬಗೆಯ ವ್ಯವಸ್ಥಿತ ದೋಷ ನುಸುಳುತ್ತದೆ. ಬೀಳುವ ಗುಂಡಿನ ವಿಧಾನದಲ್ಲಿ ನುಸುಳುವುದು ಬೇರೆ ಬಗೆಯ ದೋಷ. ಒಂದೇ ವಿಧಾನವನ್ನು ನೂರು ಸಲ ಪುನರಾವರ್ತಿಸಿದರೂ ಅದರ ವ್ಯವಸ್ಥಿತ ದೋಷ ಹೋಗದು. ಎರಡು ಸ್ವತಂತ್ರ ವಿಧಾನಗಳ ಉತ್ತರಗಳು ಹೊಂದಿದಾಗ ನಮ್ಮ ನಂಬಿಕೆ ಗಟ್ಟಿಯಾಗುತ್ತದೆ. ಹೊಂದದಿದ್ದಾಗ ಹೊಸದೇನನ್ನೋ ಕಲಿಯುವ ಅವಕಾಶ ಸಿಗುತ್ತದೆ.

ಚರಿತ್ರೆಗೂ ಈ ಮಾತು ಅನ್ವಯಿಸುತ್ತದೆ. ಕಾಗದಪತ್ರಗಳು ಒಂದು ಮಾಪನ. ಅವುಗಳನ್ನು ಬರೆದವರು ಬರೆಯಲು ಬಲ್ಲವರು: ಅಧಿಕಾರಿಗಳು, ವ್ಯಾಪಾರಿಗಳು, ಗೆದ್ದವರು. ಯಾರಿಗೋ ಓದಿಸುವ ಉದ್ದೇಶದಿಂದ ಬರೆದರು. ನೆಲದಲ್ಲಿ ಉಳಿದ ವಸ್ತುಗಳು ಇನ್ನೊಂದು ಮಾಪನ. ಒಡೆದ ಮಡಕೆಯನ್ನು ತಿಪ್ಪೆಗೆ ಎಸೆದವನಿಗೆ ಮುಂದೊಂದು ದಿನ ಯಾರೋ ಅದನ್ನು ಓದಿಯಾರು ಎಂಬ ಅರಿವೇ ಇರಲಿಲ್ಲ. ಹಾಗೆಂದು ನೆಲ ಹೇಳುವುದೆಲ್ಲ ಪೂರ್ಣ ಸತ್ಯವೂ ಅಲ್ಲ. ಸುಟ್ಟ ಮಣ್ಣು, ಗಾಜು, ಕಬ್ಬಿಣ ಉಳಿಯುತ್ತವೆ. ಬಿದಿರು, ಬಟ್ಟೆ, ಸೊಪ್ಪುಸದೆ ಕೊಳೆತು ಹೋಗುತ್ತವೆ. ಇದು ನೆಲದ ವ್ಯವಸ್ಥಿತ ದೋಷ. ಆದರೆ ಅದು ಕಾಗದದ ದೋಷಕ್ಕಿಂತ ಭಿನ್ನವಾದದ್ದು. ಈಚಿನ ಕಾಲದ ಪುರಾತತ್ತ್ವಕ್ಕೆ ಬೆಲೆ ಬರುವುದು ಈ ಭಿನ್ನತೆಯಿಂದಲೇ.

ಒಂದು ಉದಾಹರಣೆ ನೋಡೋಣ. ಉತ್ತರ ಅಮೆರಿಕದಲ್ಲಿ ಇಂಗ್ಲಿಷರ ಮೊದಲ ಸ್ಥಿರ ವಸಾಹತು ವರ್ಜೀನಿಯದ ಜೇಮ್ಸ್‌ಟೌನ್. ಸ್ಥಾಪನೆ 1607. ಅಲ್ಲಿನ ಮೂಲ ಕೋಟೆ ನದಿಯ ಕೊರೆತಕ್ಕೆ ಸಿಕ್ಕಿ ಕೊಚ್ಚಿಹೋಗಿದೆ ಎಂದು ಬಹುಕಾಲ ನಂಬಲಾಗಿತ್ತು. 1994ರಲ್ಲಿ ವಿಲಿಯಂ ಕೆಲ್ಸೊ ಉತ್ಖನನ ಆರಂಭಿಸಿ, ಕೋಟೆಯ ಮರದ ಬೇಲಿಯ ಗುರುತುಗಳನ್ನು ಮಣ್ಣಿನ ಬಣ್ಣದ ವ್ಯತ್ಯಾಸದಿಂದಲೇ ಪತ್ತೆಹಚ್ಚಿದರು. ಕೋಟೆಯ ಬಹುಭಾಗ ನೆಲದಲ್ಲೇ ಇತ್ತು.

ಈ ವಸಾಹತಿನಲ್ಲಿ 1609–10ರ ಚಳಿಗಾಲದಲ್ಲಿ ಘೋರ ಕ್ಷಾಮ ಬಂತು. ಸುಮಾರು 300 ಜನರಲ್ಲಿ 60 ಮಂದಿ ಉಳಿದರು. ಹಸಿವು ತಾಳದೆ ಸತ್ತವರ ದೇಹಗಳನ್ನೇ ತಿಂದರು ಎಂದು ಅಂದಿನ ಕೆಲವರು ಬರೆದಿದ್ದರು. ಇದು ನಿಜವೆ, ಅಥವಾ ಕಂಪನಿಯ ಮೇಲಿನ ದ್ವೇಷಕ್ಕೆ ಹುಟ್ಟಿಸಿದ ಕತೆಯೆ ಎಂಬ ವಾದ ನಾಲ್ಕು ಶತಮಾನ ನಡೆಯಿತು. 2012ರಲ್ಲಿ ಒಂದು ನೆಲಮಾಳಿಗೆಯ ಕಸದಲ್ಲಿ, ಕುದುರೆ ಮತ್ತು ನಾಯಿಗಳ ಮೂಳೆಗಳ ಜೊತೆಗೆ, ಸುಮಾರು 14 ವರ್ಷದ ಹುಡುಗಿಯೊಬ್ಬಳ ತಲೆಬುರುಡೆಯ ಚೂರುಗಳು ಸಿಕ್ಕಿದವು. ಅವುಗಳ ಮೇಲೆ ಕತ್ತಿಯ ಗೀರುಗಳಿದ್ದವು. ಸ್ಮಿತ್‌ಸೋನಿಯನ್ ಸಂಸ್ಥೆಯ ಡಗ್ಲಸ್ ಔಸ್ಲಿ ಅವುಗಳನ್ನು ಪರೀಕ್ಷಿಸಿದರು. 2013ರಲ್ಲಿ ಫಲಿತಾಂಶ ಪ್ರಕಟವಾಯಿತು. ಬರೆದವರು ಸುಳ್ಳು ಹೇಳಿರಲಿಲ್ಲ.

ಅವಳು ಆಗಷ್ಟೇ ಇಂಗ್ಲೆಂಡಿನಿಂದ ಬಂದವಳು ಎಂಬ ಸೂಚನೆಯೂ ಮೂಳೆಯಲ್ಲೇ ದೊರೆಯಿತು. ಇದು ಹೇಗೆ ಸಾಧ್ಯ? ಸಸ್ಯಗಳು ದ್ಯುತಿಸಂಶ್ಲೇಷಣೆಯಲ್ಲಿ ಇಂಗಾಲ-12 ಮತ್ತು ಇಂಗಾಲ-13 ಎಂಬ ಎರಡು ಐಸೊಟೋಪುಗಳನ್ನು ಸ್ವಲ್ಪ ಬೇರೆ ಬೇರೆ ಪ್ರಮಾಣದಲ್ಲಿ ಹಿಡಿದಿಡುತ್ತವೆ. ಗೋಧಿ ಮತ್ತು ಭತ್ತ ಒಂದು ಗುಂಪು. ಮುಸುಕಿನ ಜೋಳ, ಜೋಳ, ರಾಗಿ ಇನ್ನೊಂದು ಗುಂಪು. ಎರಡನೆಯ ಗುಂಪಿನಲ್ಲಿ ಇಂಗಾಲ-13ರ ಪಾಲು ತುಸು ಹೆಚ್ಚು. ತಿಂದ ಅನ್ನದ ಗುರುತು ಮೂಳೆಯಲ್ಲಿ ಉಳಿಯುತ್ತದೆ. ಅಮೆರಿಕದಲ್ಲಿ ಬಹುಕಾಲ ಇದ್ದವರ ಮೂಳೆ ಮುಸುಕಿನ ಜೋಳದ ಕತೆ ಹೇಳಿದರೆ, ಹೊಸದಾಗಿ ಬಂದವರದು ಗೋಧಿಯ ಕತೆ ಹೇಳುತ್ತದೆ. ಇದೇ ತತ್ತ್ವದ ಪ್ರಕಾರ ಮಂಡ್ಯದ ಮುದ್ದೆ ಉಂಡವರ ಮೂಳೆಗೂ ಕರಾವಳಿಯ ಗಂಜಿ ಉಂಡವರ ಮೂಳೆಗೂ ವ್ಯತ್ಯಾಸ ಇರಬೇಕು ಎಂದು ಹೇಳಿದರೆ ವಿದ್ಯಾರ್ಥಿಗಳಿಗೆ ಇದು ಚೆನ್ನಾಗಿ ಮನದಟ್ಟಾಗುತ್ತದೆ.

ಹೆಂಚಿನ ಚೂರೇ ಗಡಿಯಾರ

ಅಗೆದಾಗ ಸಿಕ್ಕ ಪದರದ ಕಾಲವನ್ನು ನಿರ್ಣಯಿಸುವುದು ಹೇಗೆ? ಮೊದಲನೆಯ ನಿಯಮ ಸರಳ: ಒಂದು ಪದರ ತನ್ನೊಳಗಿನ ಅತ್ಯಂತ ಹೊಸ ವಸ್ತುವಿಗಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಮಲೆನಾಡಿನ ಒಂದು ಹಳೆಯ ಮನೆಯ ಅಡಿಪಾಯದ ಮಣ್ಣಿನಲ್ಲಿ, ಯಾರೂ ಕದಡದ ಪದರದಲ್ಲಿ, ಮಂಗಳೂರು ಹೆಂಚಿನ ಒಂದೇ ಒಂದು ಚೂರು ಸಿಕ್ಕಿತೆನ್ನಿ. ಆ ಪದರ 1865ಕ್ಕಿಂತ ಹಿಂದಿನದಲ್ಲ ಎಂದು ಕಣ್ಣುಮುಚ್ಚಿ ಹೇಳಬಹುದು. ಹಾಗೆಯೇ ಸೋಡಾ ಬಾಟಲಿಗಳ ಲೋಹದ ಮುಚ್ಚಳಕ್ಕೆ ಪೇಟೆಂಟು ದೊರೆತದ್ದು 1892ರಲ್ಲಿ. ಬೇಕಲೈಟ್ ಪ್ಲಾಸ್ಟಿಕ್ ಬಂದದ್ದು 1907ರಲ್ಲಿ. ಇಂಥ ಪ್ರತಿಯೊಂದು ವಸ್ತುವೂ ಕಾಲದ ಗೆರೆಯ ಮೇಲೆ ಒಂದು ಮೊಳೆ ಹೊಡೆದಂತೆ.

ಈ ಬಗೆಯ ಕಾಲನಿರ್ಣಯದಲ್ಲಿ ಭೌತವಿಜ್ಞಾನದವರಾದ ನಮಗೆ ತುಂಬ ಪ್ರಿಯವಾಗುವುದು ಹೊಗೆಸೊಪ್ಪಿನ ಪೈಪಿನ ಕತೆ. ಹದಿನಾರನೆಯ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲೆಂಡಿನಲ್ಲಿ ಬಿಳಿ ಜೇಡಿಮಣ್ಣಿನ ಪೈಪುಗಳು ಬಳಕೆಗೆ ಬಂದವು. ಬೆಲೆ ಕಡಿಮೆ, ಬೇಗ ಒಡೆಯುತ್ತಿದ್ದವು. ಆದ್ದರಿಂದ ಇಂಗ್ಲಿಷರು ಹೋದಲ್ಲೆಲ್ಲ ಇವುಗಳ ಚೂರುಗಳು ಹೇರಳವಾಗಿ ಸಿಗುತ್ತವೆ. ಕಾಲ ಕಳೆದಂತೆ ಪೈಪಿನ ಕಾಂಡ ಉದ್ದವಾಗುತ್ತ, ಒಳಗಿನ ರಂಧ್ರ ಕಿರಿದಾಗುತ್ತ ಬಂದಿತು. ಜೆ. ಸಿ. ಹ್ಯಾರಿಂಗ್ಟನ್ ಎಂಬ ಪುರಾತತ್ತ್ವಜ್ಞ ಕಾಲ ಗೊತ್ತಿದ್ದ ಪೈಪುಗಳ ರಂಧ್ರಗಳಿಗೆ ಡ್ರಿಲ್ ಕಡ್ಡಿಗಳನ್ನು ತೂರಿಸಿ ಅಳೆದು, 1954ರಲ್ಲಿ ಈ ಕ್ರಮವನ್ನು ಪ್ರಕಟಿಸಿದರು. ಅಳತೆಯ ಮಾನ ಅಂಗುಲದ 64ನೆಯ ಒಂದು ಭಾಗ, ಅಂದರೆ ಸುಮಾರು 0.4 ಮಿ.ಮೀ. ಲೂಯಿಸ್ ಬಿನ್‌ಫೋರ್ಡ್ ಈ ದತ್ತಾಂಶಕ್ಕೆ ಒಂದು ಸರಳರೇಖೆಯನ್ನು ಹೊಂದಿಸಿ, 1960ರ ದಶಕದ ಆರಂಭದಲ್ಲಿ ಒಂದು ಸಮೀಕರಣವನ್ನು ಕೊಟ್ಟರು:

ವರ್ಷ = 1931.85 – (38.26 × ಸರಾಸರಿ ರಂಧ್ರ)

ರಂಧ್ರದ ಸರಾಸರಿ 8 ಇದ್ದರೆ ವರ್ಷ ಸುಮಾರು 1626. 7 ಇದ್ದರೆ 1664. 6 ಇದ್ದರೆ 1702. 5 ಇದ್ದರೆ 1741. ನೀವೇ ಲೆಕ್ಕ ಹಾಕಿ ನೋಡಿ. ಒಂದೇ ಚೂರಿನಿಂದ ಏನೂ ಹೇಳಲಾಗದು. ಒಂದೇ ವರ್ಷದಲ್ಲಿ ತಯಾರಾದ ಪೈಪುಗಳಲ್ಲೂ ಹೆಚ್ಚುಕಡಿಮೆ ಇರುತ್ತದೆ. ನೂರಾರು ಚೂರುಗಳ ಸರಾಸರಿ ತೆಗೆದಾಗ ಮಾತ್ರ ಯಾದೃಚ್ಛಿಕ ದೋಷ ಕುಗ್ಗಿ, ಉತ್ತರ ನಂಬುವಂಥದಾಗುತ್ತದೆ.

ಈಗ ಒಂದು ತಮಾಷೆ. ಸಮೀಕರಣದಲ್ಲಿ ರಂಧ್ರದ ಬೆಲೆಯನ್ನು ಸೊನ್ನೆ ಮಾಡಿ. ವರ್ಷ ಸುಮಾರು 1932 ಎಂದು ಬರುತ್ತದೆ. ಅಂದರೆ ಆ ವರ್ಷ ತಯಾರಾದ ಪೈಪಿಗೆ ರಂಧ್ರವೇ ಇರಬಾರದು! ದತ್ತಾಂಶ ಇರುವ ವ್ಯಾಪ್ತಿಯ ಆಚೆಗೆ ಸರಳರೇಖೆಯನ್ನು ಎಳೆದರೆ ಆಗುವ ಅನಾಹುತ ಇದು. ಹದಿನೆಂಟನೆಯ ಶತಮಾನದ ಕೊನೆಯ ಭಾಗಕ್ಕೆ ಬರುವಾಗಲೇ ಈ ಸಮೀಕರಣ ಕೈಕೊಡಲು ತೊಡಗುತ್ತದೆ. ಇಂಗ್ಲಿಷ್ ಪೈಪಿನದನ್ನು ಡಚ್ಚರ ಪೈಪಿಗೆ ಅನ್ವಯಿಸುವಂತೆಯೂ ಇಲ್ಲ. ಬಾಹ್ಯಗಣನೆಯ ಅಪಾಯವನ್ನು ತರಗತಿಯಲ್ಲಿ ವಿವರಿಸಲು ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ.

ಇಂಗಾಲ-14 ಎಡವುವ ಶತಮಾನಗಳು

"ಇಷ್ಟೆಲ್ಲ ಕಷ್ಟ ಏಕೆ? ಇಂಗಾಲ-14 ಇದೆಯಲ್ಲ?" ಎಂದು ನೀವು ಕೇಳಬಹುದು. ವಿಲ್ಲಾರ್ಡ್ ಲಿಬಿಗೆ 1960ರ ನೊಬೆಲ್ ಬಹುಮಾನ ತಂದುಕೊಟ್ಟ ಈ ವಿಧಾನ ಪ್ರಾಚೀನ ಪುರಾತತ್ತ್ವದ ಬೆನ್ನೆಲುಬು. ಆದರೆ ಈಚಿನ ಮೂರು ಶತಮಾನಗಳ ವಿಷಯದಲ್ಲಿ ಅದು ಎಡವುತ್ತದೆ. ಇದಕ್ಕೆ ಮೂರು ಕಾರಣಗಳು.

ಮೊದಲನೆಯದು ಅರ್ಧಾಯು. ಇಂಗಾಲ-14ರ ಅರ್ಧಾಯು ಸುಮಾರು 5730 ವರ್ಷ. 200 ವರ್ಷಗಳಲ್ಲಿ ಕ್ಷಯಿಸುವುದು ಶೇಕಡ 2.4 ಮಾತ್ರ. ಮಾಪನದಲ್ಲಿ ಶೇಕಡ 1ರ ತಪ್ಪಾದರೆ ಕಾಲದಲ್ಲಿ ಸುಮಾರು 83 ವರ್ಷದ ತಪ್ಪು. ಹತ್ತು ಸಾವಿರ ವರ್ಷ ಹಳೆಯ ಕಟ್ಟಿಗೆಯ ವಿಷಯದಲ್ಲಿ ಇದು ಲೆಕ್ಕಕ್ಕಿಲ್ಲ. ಟಿಪ್ಪುವಿನ ಕಾಲದ ಕಟ್ಟಿಗೆಗೆ ಇದು ಬಹಳ ದೊಡ್ಡದು. ಎರಡನೆಯದು ಸೂರ್ಯ. ಸೌರ ಚಟುವಟಿಕೆ ಕುಗ್ಗಿದಾಗ ವಿಶ್ವಕಿರಣಗಳು ಹೆಚ್ಚಾಗಿ ಒಳನುಗ್ಗಿ, ವಾಯುಮಂಡಲದಲ್ಲಿ ಇಂಗಾಲ-14ರ ತಯಾರಿ ಹೆಚ್ಚುತ್ತದೆ. 1645ರಿಂದ 1715ರವರೆಗೆ ಸೂರ್ಯನಲ್ಲಿ ಕಲೆಗಳು ತೀರ ವಿರಳವಾಗಿದ್ದವು. ಆಮೇಲೂ ಏರಿಳಿತಗಳಾದವು. ಹೀಗಾಗಿ 1650–1950ರ ನಡುವಿನ ಒಂದು ವಸ್ತುವಿನ ಇಂಗಾಲ-14ರ ಪ್ರಮಾಣ ಒಂದಕ್ಕಿಂತ ಹೆಚ್ಚು ವರ್ಷಗಳಿಗೆ ಹೊಂದಿಕೊಳ್ಳುತ್ತದೆ. ಮೂರನೆಯದು ಕಲ್ಲಿದ್ದಲು. ಕೋಟ್ಯಂತರ ವರ್ಷ ಹಳೆಯದಾದ ಕಲ್ಲಿದ್ದಲಿನಲ್ಲಿ ಇಂಗಾಲ-14 ಉಳಿದಿಲ್ಲ. ಕೈಗಾರಿಕಾ ಕ್ರಾಂತಿಯ ನಂತರ ನಾವು ಸುಟ್ಟ ಕಲ್ಲಿದ್ದಲಿನ ಹೊಗೆ ಗಾಳಿಯಲ್ಲಿದ್ದ ಇಂಗಾಲ-14ನ್ನು, ಹಾಲಿಗೆ ನೀರು ಬೆರೆಸಿದಂತೆ, ತೆಳುವಾಗಿಸಿತು.

1950ರ ದಶಕದಲ್ಲಿ ಪರಿಸ್ಥಿತಿ ತಲೆಕೆಳಗಾಯಿತು. ವಾಯುಮಂಡಲದಲ್ಲಿ ನಡೆದ ಪರಮಾಣು ಬಾಂಬು ಪರೀಕ್ಷೆಗಳಿಂದ ಇಂಗಾಲ-14 ಒಮ್ಮೆಲೇ ಏರಿತು. 1963ರ ಆಂಶಿಕ ಪರೀಕ್ಷಾ ನಿಷೇಧ ಒಪ್ಪಂದದ ಹೊತ್ತಿಗೆ ಉತ್ತರ ಗೋಳಾರ್ಧದಲ್ಲಿ ಅದು ಹೆಚ್ಚುಕಡಿಮೆ ಇಮ್ಮಡಿಯಾಗಿತ್ತು. ಆಮೇಲೆ ಸಾಗರಗಳೂ ಸಸ್ಯಗಳೂ ಅದನ್ನು ಹೀರಿಕೊಂಡಂತೆ ಇಳಿಯುತ್ತ ಬಂದಿತು. ಈ ಕಡಿದಾದ ಏರಿಳಿತದ ರೇಖೆಯೇ ಒಂದು ನಿಖರವಾದ ಗಡಿಯಾರ. 1955ರ ಈಚೆಗೆ ಬದುಕಿದ್ದ ಜೀವಿಯ ಅವಶೇಷದ ಕಾಲವನ್ನು ಹಲವು ಸಂದರ್ಭಗಳಲ್ಲಿ ಒಂದೆರಡು ವರ್ಷಗಳ ಅಂತರದಲ್ಲಿ ಹೇಳಬಹುದು. ಕಳ್ಳಸಾಗಣೆಯಲ್ಲಿ ಹಿಡಿದ ದಂತ ಹಳೆಯ ದಾಸ್ತಾನೋ, ಈಚೆಗೆ ಕೊಂದ ಆನೆಯದೋ ಎಂಬುದನ್ನು ಈ ವಿಧಾನದಿಂದ ಪತ್ತೆಹಚ್ಚಲಾಗಿದೆ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಂತೆ, ಪರೀಕ್ಷಿಸಿದ ದಂತಗಳಲ್ಲಿ ಬಹುಪಾಲು ಹಿಡಿಯುವುದಕ್ಕೆ ಮೂರು ವರ್ಷಗಳೊಳಗೆ ಸತ್ತ ಆನೆಗಳವು. ಆದರೆ 2020ರ ದಶಕದಲ್ಲಿ ಗಾಳಿಯ ಇಂಗಾಲ-14 ಬಾಂಬುಗಳಿಗೆ ಮುಂಚಿನ ಮಟ್ಟಕ್ಕೆ ಇಳಿದು ಬಂದಿದೆ. ಇನ್ನು ಮುಂದೆ ಇಂದಿನ ಹತ್ತಿಬಟ್ಟೆಯನ್ನು 1950ಕ್ಕೆ ಹಿಂದಿನ ಬಟ್ಟೆಯಿಂದ ಇಂಗಾಲ-14 ಒಂದರಿಂದಲೇ ಬೇರ್ಪಡಿಸುವುದು ಕಷ್ಟವಾಗುತ್ತದೆ. ಪೈಪಿನ ಚೂರಿಗೂ ಹೆಂಚಿನ ಚೂರಿಗೂ ಮತ್ತೆ ಬೆಲೆ ಬರುತ್ತದೆ!

ದಾಖಲೆ ಬಿಟ್ಟುಹೋದವರು

1991ರಲ್ಲಿ ನ್ಯೂಯಾರ್ಕ್ ನಗರದ ನಟ್ಟನಡುವೆ ಕೇಂದ್ರ ಸರ್ಕಾರದ ಒಂದು ಕಚೇರಿ ಕಟ್ಟಲು ಅಡಿಪಾಯ ತೋಡುತ್ತಿದ್ದಾಗ ಮನುಷ್ಯರ ಅಸ್ಥಿಗಳು ಕಾಣಿಸಿಕೊಂಡವು. ಹದಿನೆಂಟನೆಯ ಶತಮಾನದ ನಕ್ಷೆಯೊಂದರಲ್ಲಿ ಆ ಜಾಗವನ್ನು ಕರಿಯರ ಸ್ಮಶಾನ ಎಂದು ಗುರುತಿಸಲಾಗಿತ್ತು. ಆದರೆ ಮೇಲೆ ಕಟ್ಟಡಗಳೆದ್ದು ಎಲ್ಲರೂ ಅದನ್ನು ಮರೆತಿದ್ದರು. ಒಟ್ಟು 419 ಜನರ ಅವಶೇಷಗಳು ದೊರೆತವು. ಇಡೀ ಸ್ಮಶಾನದಲ್ಲಿ ಸುಮಾರು 15,000 ಜನರನ್ನು ಹೂಳಲಾಗಿತ್ತೆಂದು ಅಂದಾಜು. ಗುಲಾಮಗಿರಿ ಅಮೆರಿಕದ ದಕ್ಷಿಣದ ಹತ್ತಿಹೊಲಗಳ ಪಿಡುಗು ಎಂದುಕೊಂಡಿದ್ದವರಿಗೆ ನ್ಯೂಯಾರ್ಕಿನ ನೆಲ ಬೇರೆಯೇ ಮಾತು ಹೇಳಿತು. ಅಲ್ಲಿ ಗುಲಾಮಗಿರಿ ಕೊನೆಗೊಂಡದ್ದು 1827ರಲ್ಲಿ.

ಆ ಜನರ ಬಗ್ಗೆ ಕಾಗದದಲ್ಲಿ ಉಳಿದಿದ್ದು ಬಹುಮಟ್ಟಿಗೆ ಖರೀದಿ-ಮಾರಾಟದ ಲೆಕ್ಕ. ಮೂಳೆಗಳು ಹೇಳಿದ್ದು ಅವರ ಬದುಕನ್ನು. ಅವಶೇಷಗಳಲ್ಲಿ ಸುಮಾರು ಅರ್ಧದಷ್ಟು 12 ವರ್ಷದೊಳಗಿನ ಮಕ್ಕಳವು. ದೊಡ್ಡವರ ಮೂಳೆಗಳಲ್ಲಿ ಸ್ನಾಯುಗಳು ಅಂಟಿಕೊಳ್ಳುವ ಜಾಗಗಳು ವಿಪರೀತ ಹೊರೆಯಿಂದ ಉಬ್ಬಿದ್ದವು. ಕೆಲವರ ಹಲ್ಲುಗಳನ್ನು ಆಫ್ರಿಕದ ಪದ್ಧತಿಯಂತೆ ಅರದಿಂದ ತಿದ್ದಲಾಗಿತ್ತು.

ಹಲ್ಲಿನ ಎನಾಮಲ್ ಬಾಲ್ಯದಲ್ಲಿ ರೂಪುಗೊಂಡ ಮೇಲೆ ಬದಲಾಗುವುದಿಲ್ಲ. ಆ ವಯಸ್ಸಿನಲ್ಲಿ ಕುಡಿದ ನೀರು, ತಿಂದ ಆಹಾರದ ಮೂಲಕ ಆ ಊರಿನ ಬಂಡೆಗಳ ಸ್ಟ್ರಾನ್ಷಿಯಂ ಅದರೊಳಗೆ ಸೇರಿರುತ್ತದೆ. ಸ್ಟ್ರಾನ್ಷಿಯಂ-87 ಮತ್ತು ಸ್ಟ್ರಾನ್ಷಿಯಂ-86ರ ಅನುಪಾತ ಬಂಡೆಯಿಂದ ಬಂಡೆಗೆ ಬೇರೆಯಾಗಿರುವುದರಿಂದ, ಒಬ್ಬ ವ್ಯಕ್ತಿ ಎಲ್ಲಿ ಹುಟ್ಟಿ ಬೆಳೆದನೆಂಬುದರ ಸುಳಿವು ಹಲ್ಲಿನಲ್ಲಿ ಉಳಿಯುತ್ತದೆ. ಹೆಸರು ಅಳಿಸಿಹೋದವರ ಹುಟ್ಟೂರನ್ನು ಹೀಗೆ ಅಂದಾಜು ಮಾಡಬಹುದು.

ಇಲ್ಲಿ ಇನ್ನೊಂದು ಪಾಠವೂ ಇದೆ. ಮೊದಮೊದಲು ಕಟ್ಟಡದ ಕೆಲಸವೇ ಮುಖ್ಯವಾಗಿ ಸಮಾಧಿಗಳಿಗೆ ಹಾನಿಯಾಯಿತು. ಆಫ್ರಿಕನ್ ಮೂಲದ ನಾಗರಿಕರು ಪ್ರತಿಭಟಿಸಿದರು. 1992ರಲ್ಲಿ ಆ ಭಾಗದ ಕೆಲಸ ನಿಂತಿತು. ಅಧ್ಯಯನದ ಹೊಣೆ ಹೋವರ್ಡ್ ವಿಶ್ವವಿದ್ಯಾಲಯದ ಮೈಕೇಲ್ ಬ್ಲೇಕಿ ಅವರಿಗೆ ಬಂತು. ಏನನ್ನು ಅಧ್ಯಯನ ಮಾಡಬೇಕೆಂಬುದನ್ನು ತಂಡದವರು ಆ ಸಮುದಾಯದೊಡನೆ ಚರ್ಚಿಸಿ ನಿರ್ಧರಿಸಿದರು. 2003ರಲ್ಲಿ ಅವಶೇಷಗಳನ್ನು ಗೌರವದಿಂದ ಮತ್ತೆ ಮಣ್ಣು ಮಾಡಲಾಯಿತು. 2006ರಲ್ಲಿ ಸ್ಥಳ ರಾಷ್ಟ್ರೀಯ ಸ್ಮಾರಕವಾಯಿತು. ಈಚಿನ ಕಾಲವನ್ನು ಅಗೆಯುವವನು ಮರೆಯಬಾರದ ಸಂಗತಿಯಿದು: ನೆಲದೊಳಗೆ ಇರುವವರಿಗೆ ನೆಲದ ಮೇಲೆ ಬಂಧುಗಳಿರುತ್ತಾರೆ.

ಕಸದ ಬುಟ್ಟಿಯ ಸತ್ಯ

ಇನ್ನೂ ಹತ್ತಿರಕ್ಕೆ ಬರೋಣ. ಅರಿಜೋನಾ ವಿಶ್ವವಿದ್ಯಾಲಯದ ವಿಲಿಯಂ ರಾಥ್ಜೆ 1973ರಲ್ಲಿ ಒಂದು ವಿಚಿತ್ರ ಯೋಜನೆಯನ್ನು ಕೈಗೊಂಡರು. ಟೂಸಾನ್ ನಗರದ ಮನೆಗಳ ಕಸವನ್ನು ವಿದ್ಯಾರ್ಥಿಗಳಿಂದ ವಿಂಗಡಿಸಿ, ತೂಗಿ, ಪಟ್ಟಿ ಮಾಡಿಸಿದರು. ಜೊತೆಗೆ ಜನರು ತಾವು ಏನನ್ನು ಎಷ್ಟು ತಿನ್ನುತ್ತೇವೆ, ಕುಡಿಯುತ್ತೇವೆ ಎಂದು ಹೇಳಿದ ಉತ್ತರಗಳನ್ನೂ ಇಟ್ಟುಕೊಂಡು ಹೋಲಿಸಿದರು. ಜನ ಒಪ್ಪಿಕೊಂಡದ್ದಕ್ಕಿಂತ ಹೆಚ್ಚು ಬಿಯರ್ ಡಬ್ಬಿಗಳು ಕಸದಲ್ಲಿದ್ದವು. ಉದ್ದೇಶಪೂರ್ವಕ ಸುಳ್ಳು ಎನ್ನುವುದಕ್ಕಿಂತ, ಮನುಷ್ಯ ತನ್ನ ಬಗ್ಗೆ ತಾನೇ ಮಾಡುವ ಮಾಪನದ ದೋಷ ಎನ್ನಬಹುದು. ಇನ್ನೊಂದು ಅಚ್ಚರಿ: 1973ರಲ್ಲಿ ದನದ ಮಾಂಸಕ್ಕೆ ಅಭಾವವಿದ್ದಾಗಲೇ ಕಸದಲ್ಲಿ ಅದರ ಪೋಲು ಹೆಚ್ಚಾಗಿತ್ತು. ಸಿಗುವುದೋ ಇಲ್ಲವೋ ಎಂದು ಜನ ಹೆಚ್ಚಾಗಿ ಕೊಂಡಿಟ್ಟು, ಕೆಡಿಸಿ ಎಸೆದಿದ್ದರು.

1987ರಿಂದ ಈ ತಂಡ ನಗರಗಳ ಕಸದ ರಾಶಿಗಳನ್ನೇ ಅಗೆಯತೊಡಗಿತು. ಹುಗಿದ ಕಸವೆಲ್ಲ ಬೇಗ ಕೊಳೆತು ಮಣ್ಣಾಗುತ್ತದೆ ಎಂಬ ನಂಬಿಕೆ ಅಲ್ಲಿ ಬಿದ್ದುಹೋಯಿತು. ಗಾಳಿ, ತೇವ ಇಲ್ಲದ ಆಳದಲ್ಲಿ ದಶಕಗಳ ಹಿಂದಿನ ವೃತ್ತಪತ್ರಿಕೆಗಳನ್ನು ಇನ್ನೂ ಓದಬಹುದಾಗಿತ್ತು. ಪ್ರತಿ ಪದರದ ತಾರೀಖನ್ನು ಪತ್ರಿಕೆಗಳೇ ಹೇಳಿದವು. ಕಸದ ಗುಂಡಿಗಳು ತುಂಬಲು ತ್ವರಿತ ಆಹಾರದ ಪೊಟ್ಟಣ, ಫೋಮ್ ಮತ್ತು ಬಿಸಾಡುವ ಮಕ್ಕಳ ಚಡ್ಡಿಗಳೇ ಕಾರಣ ಎಂದು ಜನ ದೂರುತ್ತಿದ್ದರು. ಅಳೆದು ನೋಡಿದಾಗ ಈ ಮೂರೂ ಸೇರಿ ಸುಮಾರು ಶೇಕಡ 3ನ್ನು ಮೀರಲಿಲ್ಲ. ದೊಡ್ಡ ಪಾಲು ಕಾಗದದ್ದು. ತಪ್ಪು ಊಹೆಯ ಮೇಲೆ ನೀತಿ ರೂಪಿಸಿದರೆ ಯಾವ ವಸ್ತುವನ್ನು ನಿಷೇಧಿಸಿದರೂ ಗುಂಡಿ ಅಷ್ಟೇ ಬೇಗ ತುಂಬುತ್ತದೆ. ಇದು ಗತಕಾಲದ ಕುತೂಹಲವಾಗಿ ಉಳಿಯದೆ, ನಗರಸಭೆಯ ಕೆಲಸಕ್ಕೆ ನೇರವಾಗಿ ಬೇಕಾದ ಜ್ಞಾನವಾಯಿತು.

ನಗರದ ಬಾವಿಯಲ್ಲಿ ರಾಕೆಟ್ಟುಗಳು

ನಮ್ಮ ನಾಡಿನಲ್ಲಿ ಇಂಥದ್ದು ಇಲ್ಲವೆ? ಧಾರಾಳವಾಗಿ ಇದೆ. ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ನಗರ, ಹಿಂದಿನ ಬಿದನೂರು, ಕೆಳದಿ ಅರಸರ ರಾಜಧಾನಿಯಾಗಿತ್ತು. 1763ರಲ್ಲಿ ಅದು ಹೈದರಾಲಿಯ ವಶವಾಯಿತು. 2002ರಲ್ಲಿ ಅಲ್ಲಿ ತುಕ್ಕು ಹಿಡಿದ 160ಕ್ಕೂ ಹೆಚ್ಚು ಕಬ್ಬಿಣದ ಕೊಳವೆಗಳು ದೊರೆತಿದ್ದವು. ಅವು ಮೈಸೂರಿನ ಯುದ್ಧ ರಾಕೆಟ್ಟುಗಳು ಎಂಬುದು ಖಚಿತವಾಗಲು ಹತ್ತು ವರ್ಷಗಳೇ ಹಿಡಿದವು. 2018ರ ಜುಲೈನಲ್ಲಿ ರಾಜ್ಯದ ಪುರಾತತ್ತ್ವ ಇಲಾಖೆ ಅಲ್ಲಿನ ಬತ್ತಿದ ಬಾವಿಯೊಂದನ್ನು ಅಗೆದಾಗ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ಹೊರಬಂದವು. ಉದ್ದ ಸುಮಾರು 23ರಿಂದ 26 ಸೆಂ.ಮೀ.

ಮೈಸೂರು ರಾಕೆಟ್ಟುಗಳ ಬಗ್ಗೆ ಕಾಗದದ ದಾಖಲೆಗೆ ಕೊರತೆಯಿಲ್ಲ. 1780ರ ಪೊಲ್ಲಿಲೂರು ಯುದ್ಧದಲ್ಲಿ ಅವುಗಳ ಹೊಡೆತ ತಿಂದ ಇಂಗ್ಲಿಷರು ಬರೆದಿದ್ದಾರೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮಾದರಿಗಳು ಇಂಗ್ಲೆಂಡಿನ ವೂಲ್ವಿಚ್‌ಗೆ ಹೋದವು. ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ಟುಗಳನ್ನು ಅಭಿವೃದ್ಧಿಪಡಿಸಿದ್ದು ಅದಾದ ಮೇಲೆ. ನಮ್ಮ ವೈಮಾನಿಕ ವಿಜ್ಞಾನಿ ರೊದ್ದಂ ನರಸಿಂಹ ಅವರು 1985ರಲ್ಲೇ ಈ ಚರಿತ್ರೆಯನ್ನು ವಿಜ್ಞಾನಿಯ ಕಣ್ಣಿನಿಂದ ಪರಿಶೀಲಿಸಿ ಬರೆದರು. ಬಿದಿರು ಅಥವಾ ಕಾಗದದ ಕೊಳವೆಗಿಂತ ಕಬ್ಬಿಣದ ಕೊಳವೆ ಹೆಚ್ಚಿನ ಒತ್ತಡವನ್ನು ತಾಳುತ್ತದೆ. ಒಳಗಿನ ಅನಿಲದ ಒತ್ತಡ ಹೆಚ್ಚಿದಷ್ಟೂ ನೂಕುಬಲ ಹೆಚ್ಚು, ದೂರವೂ ಹೆಚ್ಚು. ಮೈಸೂರಿನ ಮೇಲುಗೈಯ ಗುಟ್ಟು ಇದು.

ಆದರೆ ಅಧ್ಯಯನಕ್ಕೆ ಕೈಯಲ್ಲಿ ಹಿಡಿಯಬಹುದಾದ ನಿಜವಾದ ರಾಕೆಟ್ಟುಗಳು ಬಹುಕಾಲ ಬೆರಳೆಣಿಕೆಯಷ್ಟೇ ಇದ್ದವು. ಒಂದೆರಡು ಮಾದರಿಗಳಿಂದ ಸರಾಸರಿಯೂ ಬಾರದು, ವ್ಯತ್ಯಯವೂ ಬಾರದು. ಸಾವಿರ ಮಾದರಿಗಳಿದ್ದರೆ ಪ್ರಶ್ನೆಗಳ ಸ್ವರೂಪವೇ ಬದಲಾಗುತ್ತದೆ. ಕೊಳವೆಗಳ ವ್ಯಾಸ ಎಷ್ಟರ ಮಟ್ಟಿಗೆ ಏಕರೂಪವಾಗಿದೆ? ಏಕರೂಪವಾಗಿದ್ದರೆ ಒಂದೇ ಅಚ್ಚಿನ ಮೇಲೆ ಸುತ್ತಿದ ತಗಡೆ? ಎಷ್ಟು ಗಾತ್ರಗಳ ಗುಂಪುಗಳಿವೆ? ಕಬ್ಬಿಣದೊಳಗಿನ ಕಿಟ್ಟದ ಕಣಗಳು ಅದನ್ನು ಕರಗಿಸಿದ ಕುಲುಮೆಯ ಬಗ್ಗೆ ಏನು ಹೇಳುತ್ತವೆ? ಯುದ್ಧವನ್ನು ಬರೆದವರು ಸೇನಾಧಿಕಾರಿಗಳು. ಕುಲುಮೆಯ ಮುಂದೆ ಕೂತು ತಗಡು ಬಡಿದ ಕಮ್ಮಾರರು ಏನನ್ನೂ ಬರೆದಿಡಲಿಲ್ಲ. ಅವರ ಕೌಶಲದ ದಾಖಲೆ ಈ ಕೊಳವೆಗಳೇ. ಹಿಂದೆ ಕಟ್ಟುತ್ತಿದ್ದ ಬಿದಿರಿನ ಗಳ ಮಾತ್ರ ಇಲ್ಲಿ ನಮಗೆ ಸಿಗದು. ನೆಲದ ವ್ಯವಸ್ಥಿತ ದೋಷದ ಮಾತು ನೆನಪಿರಲಿ. ಅದಕ್ಕೆ ಮತ್ತೆ ಕಾಗದದ ಬಳಿಗೇ ಹೋಗಬೇಕು.

ನೂರು ವರ್ಷದ ಗೆರೆ

ಈಗ ನಿಜವಾದ ಆತಂಕದ ಮಾತು. ನಮ್ಮ 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಯಾಗಲಿ, 1972ರ ಪ್ರಾಚೀನ ವಸ್ತುಗಳ ಕಾಯಿದೆಯಾಗಲಿ ಸಾಮಾನ್ಯವಾಗಿ ನೂರು ವರ್ಷ ದಾಟಿದ್ದನ್ನು ಮಾತ್ರ ಪ್ರಾಚೀನ ಎನ್ನುತ್ತವೆ. ಹಸ್ತಪ್ರತಿಗಳಿಗೆ 75 ವರ್ಷ. ಆಡಳಿತಕ್ಕೆ ಎಲ್ಲಿಯಾದರೂ ಒಂದು ಗೆರೆ ಬೇಕು, ನಿಜ. ಆದರೆ ಒಂದು ವಸ್ತುವಿಗೆ ಅತ್ಯಂತ ಅಪಾಯಕಾರಿಯಾದ ವಯಸ್ಸು ಯಾವುದು? ಬಳಕೆ ತಪ್ಪಿದ ಕೂಡಲೇ ಬರುವ ಮೂವತ್ತು, ನಲವತ್ತು ವರ್ಷಗಳು. ಆಗ ಅದು ಹಳೆಯ ಗುಜರಿ, ಜಾಗ ತಿನ್ನುವ ಕಸ. ನೂರು ದಾಟುವ ಹೊತ್ತಿಗೆ ಉಳಿದಿದ್ದರೆ ತಾನೆ ಕಾನೂನು ಕಾಪಾಡುವುದು!

ಕೋಲಾರದ ಚಿನ್ನದ ಗಣಿಗಳನ್ನು ನೋಡಿ. 1880ರ ದಶಕದಿಂದ ಅಲ್ಲಿ ಆಧುನಿಕ ಗಣಿಗಾರಿಕೆ ನಡೆಯಿತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 150 ಕಿ.ಮೀ. ದೂರದ ಈ ಗಣಿಗಳಿಗೆ ವಿದ್ಯುತ್ತು ಹರಿಯಿತು. ಅಂದಿನ ಕಾಲಕ್ಕೆ ಅದು ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಒಂದು. 1965ರಲ್ಲಿ ಇದೇ ಗಣಿಯ ಆಳದಲ್ಲಿ, ನೆಲದಿಂದ ಸುಮಾರು 2.3 ಕಿ.ಮೀ. ಕೆಳಗೆ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಬ್ರಿಟನ್ ಮತ್ತು ಜಪಾನಿನ ಸಹೋದ್ಯೋಗಿಗಳೊಡನೆ ವಾಯುಮಂಡಲದ ನ್ಯೂಟ್ರಿನೊಗಳನ್ನು ಪತ್ತೆಹಚ್ಚಿದರು. ಭೌತವಿಜ್ಞಾನದ ಚರಿತ್ರೆಯಲ್ಲಿ ಅದು ಮರೆಯಲಾಗದ ಘಟನೆ. ಗಣಿ 2001ರ ಫೆಬ್ರವರಿಯಲ್ಲಿ ಮುಚ್ಚಿತು. ಪಂಪುಗಳು ನಿಂತ ಮೇಲೆ ಆಳದ ಸುರಂಗಗಳಲ್ಲಿ ನೀರು ತುಂಬಿತು. ಮೇಲೆ ಮೂರು ಕೋಟಿ ಟನ್ನಿಗೂ ಮೀರಿದ ಸಯನೈಡ್ ದಿಬ್ಬಗಳು ಉಳಿದಿವೆ.

ಪ್ರಯೋಗದ ಫಲಿತಾಂಶಗಳು ಸಂಶೋಧನ ಪತ್ರಿಕೆಗಳಲ್ಲಿ ಭದ್ರವಾಗಿವೆ. ಆದರೆ ಆ ಆಳಕ್ಕೆ ಉಪಕರಣಗಳನ್ನು ಇಳಿಸಿದ ಬಗೆ, ಕತ್ತಲಲ್ಲೂ ಸೆಕೆಯಲ್ಲೂ ಗಣಿಕಾರ್ಮಿಕರು ನೀಡಿದ ನೆರವು, ಅವರ ಸಾಲುಮನೆಗಳ ಬದುಕು, ಇವು ಸಂಶೋಧನ ಪತ್ರಿಕೆಯಲ್ಲಿ ಇರುವುದಿಲ್ಲ. ಅವುಗಳಿಗೆ ಉಳಿದಿರುವ ಸಾಕ್ಷಿ ಸಾಲುಮನೆಗಳು, ಗಡಗಡೆ ಗೋಪುರಗಳು ಮತ್ತು ಇನ್ನೂ ನಮ್ಮ ನಡುವೆ ಇರುವ ಹಿರಿಯರ ನೆನಪು. 1965ರ ಪ್ರಯೋಗಕ್ಕೆ ನೂರು ವರ್ಷ ತುಂಬುವುದು 2065ಕ್ಕೆ. ಅಲ್ಲಿಯವರೆಗೆ ಕಾಯುವಂತಿಲ್ಲ. ಹರಪ್ಪದ ಪುರಾತತ್ತ್ವಜ್ಞನಿಗೆ ಇಲ್ಲದ ಒಂದು ಭಾಗ್ಯ ಸಮಕಾಲೀನ ಪುರಾತತ್ತ್ವಜ್ಞನಿಗೆ ಇದೆ: ವಸ್ತುವನ್ನು ಬಳಸಿದವರನ್ನೇ ಕೇಳಬಹುದು. ಆದರೆ ಆ ಅವಕಾಶಕ್ಕೂ ಒಂದು ಅರ್ಧಾಯು ಇದೆ.

ಶಾಲೆಯಲ್ಲೇ ಮಾಡಿ ನೋಡಿ

ಇದಕ್ಕೆ ಗುದ್ದಲಿ ಬೇಡ. ಸಂರಕ್ಷಿತ ಸ್ಥಳಗಳಲ್ಲಿ ಅನುಮತಿಯಿಲ್ಲದೆ ಅಗೆಯುವುದು ಅಪರಾಧ. ಬೇರೆಡೆಯೂ ಪದರಗಳನ್ನು ಕೆದಕಿದರೆ ಸಾಕ್ಷ್ಯ ನಾಶವಾಗುತ್ತದೆ. ನೆಲದ ಮೇಲೆಯೇ ಮಾಡಬಹುದಾದ ಕೆಲಸ ಬೇಕಷ್ಟಿದೆ.

ಒಂದು: ಊರಿನ ಹಳೆಯ ಕಟ್ಟಡಗಳ ಮುರಿದ ಹೆಂಚುಗಳ ಮೇಲಿನ ಕಾರ್ಖಾನೆಯ ಹೆಸರು, ಇಸವಿ, ಚಿಹ್ನೆಗಳನ್ನು ವಿದ್ಯಾರ್ಥಿಗಳು ಚಿತ್ರಿಸಿ ಪಟ್ಟಿ ಮಾಡಲಿ. ಯಾವ ಬೀದಿಯಲ್ಲಿ ಯಾವ ಹೆಂಚು ಎಂದು ನಕ್ಷೆಯಲ್ಲಿ ಗುರುತಿಸಿದರೆ ಊರು ಬೆಳೆದ ದಿಕ್ಕು ಕಾಣಿಸೀತು.

ಎರಡು: ಮನೆಯಲ್ಲಿ ವಾರಕ್ಕೆ ಎಷ್ಟು ಪ್ಲಾಸ್ಟಿಕ್ ಪೊಟ್ಟಣ ಬಳಸುತ್ತೀರಿ ಎಂದು ಮೊದಲು ಅಂದಾಜು ಬರೆಸಿ. ಆಮೇಲೆ ಒಂದು ವಾರದ ಒಣಕಸವನ್ನು ಕೈಗವಸು ತೊಟ್ಟು ಎಣಿಸಲಿ. ಅಂದಾಜಿಗೂ ಎಣಿಕೆಗೂ ಇರುವ ಅಂತರವನ್ನು ಶೇಕಡದಲ್ಲಿ ಲೆಕ್ಕ ಹಾಕಲಿ.

ಮೂರು: ನಿಮ್ಮ ಪ್ರಯೋಗಶಾಲೆಯ ದಾಸ್ತಾನು ಪುಸ್ತಕವನ್ನೂ ಕಪಾಟುಗಳನ್ನೂ ಎದುರುಬದುರು ಇಟ್ಟು ನೋಡಿ. ಪುಸ್ತಕದಲ್ಲಿದ್ದು ಕಪಾಟಿನಲ್ಲಿ ಇಲ್ಲದವು ಎಷ್ಟು? ಕಪಾಟಿನಲ್ಲಿದ್ದು ಪುಸ್ತಕದಲ್ಲಿ ಇಲ್ಲದವು ಎಷ್ಟು? ಹಳೆಯ ಗ್ಯಾಲ್ವನೋಮೀಟರಿನ ಮೇಲೆ ತಯಾರಕರ ಹೆಸರು, ಊರು ಇದೆಯೆ? ಯಾವ ಉಪಕರಣದ ಹಿಡಿ ಸವೆದಿದೆ, ಯಾವುದು ಪೆಟ್ಟಿಗೆಯಿಂದ ಹೊರಗೇ ಬಂದಿಲ್ಲ? ನಮ್ಮ ಶಾಲೆಗಳಲ್ಲಿ ವಿಜ್ಞಾನವನ್ನು ಹೇಗೆ ಕಲಿಸಲಾಯಿತು ಎಂಬುದಕ್ಕೆ ಪಠ್ಯಕ್ರಮ ಒಂದು ಉತ್ತರ ಕೊಡುತ್ತದೆ. ಆ ಸವೆದ ಹಿಡಿ ಮತ್ತು ತೆರೆಯದ ಪೆಟ್ಟಿಗೆ ಇನ್ನೊಂದು ಉತ್ತರ ಕೊಡುತ್ತವೆ. ಎರಡನ್ನೂ ಬರೆದಿಡಿ. ಬೇಡದ ಸಾಮಾನನ್ನು ಗುಜರಿಗೆ ಹಾಕುವ ದಿನ ಬಂದಾಗ, ಅದಕ್ಕೆ ಮುಂಚೆ ಒಂದು ಛಾಯಾಚಿತ್ರ, ಒಂದು ಅಳತೆ, ಒಂದು ಸಾಲಿನ ವಿವರವನ್ನಾದರೂ ಉಳಿಸಿಕೊಳ್ಳಿ.